ಸೂರ್ಯನ ಬೆಳಕು, ದೀಪದ ಬೆಳಕು: ದೇಹ ಬಲ್ಲ ವ್ಯತ್ಯಾಸ

ಸೀರೆ ಕೊಳ್ಳಲು ಅಂಗಡಿಗೆ ಹೋದ ತಾಯಂದಿರು ಬಹುಕಾಲದಿಂದ ಒಂದು ಕ್ರಮವನ್ನು ಪಾಲಿಸುತ್ತ ಬಂದಿದ್ದಾರೆ. ಅಂಗಡಿಯೊಳಗೆ ಎಷ್ಟೇ ಪ್ರಖರವಾದ ದೀಪಗಳು ಉರಿಯುತ್ತಿದ್ದರೂ, ಮೆಚ್ಚಿದ ಸೀರೆಯನ್ನು ಬಾಗಿಲ ಬಳಿಗೆ ತಂದು, ಹೊರಗಿನ ಬೆಳಕಿನಲ್ಲಿ ಒಮ್ಮೆ ಬಿಡಿಸಿ ನೋಡಿದ ಬಳಿಕವೇ "ಇದೇ ಇರಲಿ" ಎನ್ನುತ್ತಾರೆ. ಒಳಗೆ ಕಪ್ಪಾಗಿ ಕಂಡದ್ದು ಹೊರಗೆ ಕಡುನೀಲಿಯಾಗಿರಬಹುದು. ಒಳಗೆ ಒಂದೇ ಎನಿಸಿದ ಎರಡು ಕೆಂಪುಗಳು ಹೊರಗೆ ಬೇರೆ ಬೇರೆಯಾಗಿ ಕಾಣಬಹುದು. ದೀಪದ ಬೆಳಕೂ ಹಗಲಿನ ಬೆಳಕೂ ಒಂದೇ ಅಲ್ಲವೆಂಬುದನ್ನು ಅವರು ಯಾವ ಗ್ರಂಥವನ್ನೂ ಓದದೆ ಅರಿತಿದ್ದಾರೆ.

ಸೀರೆಯ ಬಣ್ಣದ ವಿಷಯದಲ್ಲಿ ನಾವು ತೋರುವ ಈ ಎಚ್ಚರವನ್ನು ನಮ್ಮ ದೇಹದ ವಿಷಯದಲ್ಲಿ ತೋರುತ್ತಿದ್ದೇವೆಯೇ? ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ನಮ್ಮ ಬಹುಪಾಲು ಹಳ್ಳಿಗಳಿಗೆ ಅದು ತಲುಪಿದ್ದು ಇನ್ನೂ ಎಷ್ಟೋ ವರ್ಷಗಳ ಬಳಿಕ. ಅದಕ್ಕೂ ಮುನ್ನ ಸಾವಿರಾರು ತಲೆಮಾರುಗಳು ಹಗಲು ಬಿಸಿಲಿನಲ್ಲಿ ದುಡಿದು, ಇರುಳು ಹಣತೆಯ ಮಂದ ಬೆಳಕಿನಲ್ಲಿ ಕುಳಿತು, ಬೇಗನೆ ಮಲಗಿದವು. ಇಂದು ನಾವು ಹಗಲನ್ನು ನಾಲ್ಕು ಗೋಡೆಗಳ ನಡುವೆ ಕಳೆದು, ಇರುಳನ್ನು ಹಗಲಿನಂತೆ ಬೆಳಗಿಸಿಕೊಂಡಿದ್ದೇವೆ. ಈ ಅದಲುಬದಲು ನಮ್ಮ ನಿದ್ರೆ, ಮೂಳೆ, ದೃಷ್ಟಿಗಳ ಮೇಲೆ ಬೀರುವ ಪರಿಣಾಮವನ್ನು ತಿಳಿಯುವುದು ಪ್ರತಿಯೊಂದು ಮನೆಗೂ ಅಗತ್ಯವಾಗಿದೆ.

ಬೆಳಕಿನಲ್ಲಿರುವ ಬಣ್ಣಗಳು

ಬಿಸಿಲು ನೋಡಲು ಬಿಳಿಯಾಗಿದ್ದರೂ ಅದರೊಳಗೆ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಅಡಗಿವೆ ಎಂಬುದನ್ನು ಐಸಾಕ್ ನ್ಯೂಟನ್ ಪಟ್ಟಕದ ಮೂಲಕ ಬೆಳಕನ್ನು ಹಾಯಿಸಿ ತೋರಿಸಿಕೊಟ್ಟು, 1672ರಲ್ಲಿ ಪ್ರಕಟಿಸಿದನು. ಕಣ್ಣಿಗೆ ಕಾಣುವ ಈ ಬಣ್ಣಗಳಲ್ಲದೆ, ಕಾಣದ ಎರಡು ಬಗೆಯ ಕಿರಣಗಳೂ ಬಿಸಿಲಿನಲ್ಲಿವೆ. ಕೆಂಪಿನ ಆಚೆಗಿರುವ ಅವಕೆಂಪು ಕಿರಣಗಳು ನಮಗೆ ಶಾಖವಾಗಿ ಅನುಭವಕ್ಕೆ ಬರುತ್ತವೆ. ನೇರಳೆಯ ಆಚೆಗಿರುವ ನೇರಳಾತೀತ ಕಿರಣಗಳು ಚರ್ಮವನ್ನು ಕಪ್ಪಾಗಿಸುತ್ತವೆ. ಭೂಮಿಯನ್ನು ತಲುಪುವ ಸೂರ್ಯಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಅವಕೆಂಪು ಕಿರಣಗಳೇ ಇವೆ. ನೇರಳಾತೀತದ ಪಾಲು ಅತ್ಯಲ್ಪ. ಆದರೆ ಅದರ ಪರಿಣಾಮ ಅಲ್ಪವಲ್ಲ.

ಮಾನವನಿರ್ಮಿತ ದೀಪಗಳಲ್ಲಿ ಒಂದೊಂದರ ಬೆಳಕೂ ಒಂದೊಂದು ಬಗೆಯದು. ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದು ಬೆಳಗುತ್ತದೆ. ಸೂರ್ಯನ ಮೇಲ್ಮೈಯ ತಾಪ ಸುಮಾರು 5,500 ಡಿಗ್ರಿ. ಬಲ್ಬಿನ ತಾಪ ಅದರ ಅರ್ಧಕ್ಕೂ ಕಡಿಮೆಯಾದ್ದರಿಂದ ಅದರ ಬೆಳಕಿನಲ್ಲಿ ಹಳದಿ, ಕೆಂಪು ಹೆಚ್ಚು. ನೀಲಿ ಬಹಳ ಕಡಿಮೆ. ಅದು ಬಳಸುವ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲೂ ಬೆಳಕಾಗುವುದಿಲ್ಲ; ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ. ಟ್ಯೂಬ್‌ಲೈಟಿನ ಒಳಗೆ ಪಾದರಸದ ಆವಿಯು ನೇರಳಾತೀತ ಕಿರಣವನ್ನು ಹೊಮ್ಮಿಸುತ್ತದೆ. ಗಾಜಿನ ಒಳಮೈಗೆ ಬಳಿದಿರುವ ಬಿಳಿಯ ಪುಡಿ ಅದನ್ನು ಕಾಣುವ ಬೆಳಕಾಗಿ ಪರಿವರ್ತಿಸುತ್ತದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಅದು ತಿಳಿಯದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ತರಬಲ್ಲದು.

ಇಂದು ಮನೆಮನೆಗೂ ಬಂದಿರುವುದು ಎಲ್‌ಇಡಿ. ನೀಲಿ ಎಲ್‌ಇಡಿಯನ್ನು ರೂಪಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಬಿಳಿಯ ಎಲ್‌ಇಡಿ ವಾಸ್ತವವಾಗಿ ಒಂದು ನೀಲಿ ದೀಪವೇ ಆಗಿದೆ. ಆ ನೀಲಿಯ ಒಂದಂಶವನ್ನು ಹಳದಿ ಲೇಪನವು ಹೀರಿ ಹಳದಿಯಾಗಿ ಹೊಮ್ಮಿಸುತ್ತದೆ. ನೀಲಿಯೂ ಹಳದಿಯೂ ಬೆರೆತು ನಮಗೆ ಬಿಳಿಯಾಗಿ ತೋರುತ್ತದೆ. ಹೀಗಾಗಿ ಇದರಲ್ಲಿ ನೀಲಿ ಎದ್ದು ಕಾಣುತ್ತದೆ, ಹಸಿರುನೀಲಿ ಮತ್ತು ಕಡುಗೆಂಪು ಸೊರಗಿರುತ್ತವೆ. ನೇರಳಾತೀತವಾಗಲಿ ಅವಕೆಂಪಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಯಲ್ಲಿ ಸೀರೆಯ ಬಣ್ಣ ಮೋಸ ಮಾಡುವುದು ಇದೇ ಕಾರಣದಿಂದ: ದೀಪದಲ್ಲಿ ಇಲ್ಲದ ಬಣ್ಣವನ್ನು ಬಟ್ಟೆ ಪ್ರತಿಫಲಿಸಲಾರದು.

ಕಣ್ಣಿಗೆ ತಿಳಿಯದ ಅಂತರ

ಬಣ್ಣಕ್ಕಿಂತಲೂ ದೊಡ್ಡ ಅಂತರ ಪ್ರಮಾಣದಲ್ಲಿದೆ. ಒಂದು ಸ್ಥಳದಲ್ಲಿ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೇಣದಬತ್ತಿಯು ಒಂದು ಮೀಟರ್ ದೂರದಲ್ಲಿ ನೀಡುವ ಬೆಳಕು ಸುಮಾರು 1 ಲಕ್ಸ್. ಸಂಜೆ ದೀಪ ಹೊತ್ತಿಸಿದ ಪಡಸಾಲೆಯಲ್ಲಿ 100ರಿಂದ 300 ಲಕ್ಸ್, ಒಳ್ಳೆಯ ಕಚೇರಿಯಲ್ಲಿ 500 ಲಕ್ಸ್ ಇರುತ್ತದೆ. ಹಗಲು ಹೊತ್ತು ಮರದ ನೆರಳಿನಲ್ಲಿ ನಿಂತರೆ 10,000 ಲಕ್ಸ್ ಸಿಗಬಹುದು. ನಡುಹಗಲಿನ ನೇರ ಬಿಸಿಲಿನಲ್ಲಿ ಅದು 1,00,000 ಲಕ್ಸ್ ತಲುಪುತ್ತದೆ. ಅಂದರೆ ಮೋಡ ಕವಿದ ದಿನದಲ್ಲಿಯೂ ಅಂಗಳವು ನಮ್ಮ ಅತ್ಯಂತ ಬೆಳಕಿನ ಕೋಣೆಗಿಂತ ಹಲವು ಪಟ್ಟು ಪ್ರಕಾಶಮಾನವಾಗಿರುತ್ತದೆ.

ಈ ಅಂತರ ನಮಗೇಕೆ ತಿಳಿಯುವುದಿಲ್ಲ? ಕತ್ತಲೆಯಲ್ಲಿ ಹಿಗ್ಗಿ ಬೆಳಕಿನಲ್ಲಿ ಕುಗ್ಗುವ ಕಣ್ಣಪಾಪೆಯೂ, ಹೊಂದಿಕೊಳ್ಳುವ ಅಕ್ಷಿಪಟಲವೂ ಕೂಡಿ ಎರಡೂ ಕಡೆ ಸುಖವಾಗಿ ನೋಡುವಂತೆ ಮಾಡುತ್ತವೆ. ಇದು ಕಣ್ಣಿನ ಹಿರಿಮೆ. ಆದರೆ ಅದೇ ಹಿರಿಮೆಯಿಂದ ನಾವು ಮೋಸಹೋಗುತ್ತೇವೆ. ಮನೆಯೊಳಗೆ ಸಾಕಷ್ಟು ಬೆಳಕಿದೆ ಎಂದು ಕಣ್ಣು ಹೇಳುತ್ತದೆ. ದೇಹದ ಇತರ ವ್ಯವಸ್ಥೆಗಳಿಗೆ ಅದು ಮುಸ್ಸಂಜೆಯಷ್ಟೇ ಆಗಿರುತ್ತದೆ.

ದೇಹದೊಳಗಿನ ಗಡಿಯಾರ

ಮುಟ್ಟಿದರೆ ಮುನಿ ಗಿಡವನ್ನು ಎಲ್ಲರೂ ಬಲ್ಲೆವು. ಹಗಲು ಎಲೆ ಬಿಚ್ಚಿ, ಇರುಳು ಮಡಚಿಕೊಳ್ಳುವ ಅಂಥದೊಂದು ಗಿಡವನ್ನು 1729ರಲ್ಲಿ ಫ್ರಾನ್ಸ್ ದೇಶದ ಖಗೋಳಜ್ಞ ದ ಮೈರಾನ್ ಕತ್ತಲೆಯಲ್ಲಿಟ್ಟು ನೋಡಿದನು. ಬೆಳಕೇ ಇಲ್ಲದಿದ್ದರೂ ಗಿಡವು ಹೊರಗಿನ ಹಗಲಿರುಳಿಗೆ ತಕ್ಕಂತೆಯೇ ಎಲೆಗಳನ್ನು ಬಿಚ್ಚಿ ಮುಚ್ಚಿತು. ಜೀವಿಗಳ ಒಳಗೇ ಒಂದು ಗಡಿಯಾರವಿದೆ ಎಂಬುದಕ್ಕೆ ಇದು ಮೊದಲ ಸುಳಿವಾಯಿತು. ಆ ಗಡಿಯಾರವು ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು.

ಮನುಷ್ಯನ ಮುಖ್ಯ ಗಡಿಯಾರವು ಮೆದುಳಿನ ಬುಡದಲ್ಲಿ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಒಂದು ನರಕೋಶಗಳ ಗುಂಪಿನಲ್ಲಿದೆ. ಅದು ಸರಿಯಾಗಿ 24 ಗಂಟೆಗೆ ನಡೆಯುವುದಿಲ್ಲ. ಬಹುತೇಕರಲ್ಲಿ ತುಸು ನಿಧಾನ. ದಿನವೂ ಬೆಳಿಗ್ಗೆ ಅದನ್ನು ಸರಿಪಡಿಸುವ ಕೆಲಸ ಬೆಳಕಿನದು. ಇದಕ್ಕಾಗಿಯೇ ಅಕ್ಷಿಪಟಲದಲ್ಲಿ ನೋಟಕ್ಕಿಂತ ಬೇರೆಯಾದ ಒಂದು ವಿಶೇಷ ಬಗೆಯ ಕೋಶಗಳಿವೆ. ಅವುಗಳ ಈ ಗುಣ 2002ರಲ್ಲಷ್ಟೇ ಬೆಳಕಿಗೆ ಬಂದಿತು. ಆಕಾಶದ ನೀಲಿಯನ್ನು ಹೋಲುವ ಬೆಳಕಿಗೆ ಅವು ಹೆಚ್ಚಾಗಿ ಸ್ಪಂದಿಸುತ್ತವೆ. "ಹಗಲಾಯಿತು" ಎಂಬ ಸುದ್ದಿಯನ್ನು ಅವು ಮೆದುಳಿಗೆ ಮುಟ್ಟಿಸಿದಾಗ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಚೋದಕವನ್ನು ಸ್ರವಿಸುವುದನ್ನು ನಿಲ್ಲಿಸುತ್ತದೆ. ಕತ್ತಲಾದಾಗ ಮತ್ತೆ ಸ್ರವಿಸತೊಡಗುತ್ತದೆ. ದೇಹ ನಿದ್ರೆಗೆ ಅಣಿಯಾಗುತ್ತದೆ.

ಹಗಲು ಮಂಕಾಗಿ, ಇರುಳು ಬೆಳಗಿದರೆ ಈ ಗಡಿಯಾರ ಗೊಂದಲಕ್ಕೀಡಾಗುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಎಂಟು ಮಂದಿಯನ್ನು ಒಂದು ವಾರ ಬೆಟ್ಟದ ಬಯಲಿನಲ್ಲಿ ಡೇರೆಗಳಲ್ಲಿ ಇರಿಸಿದರು. ವಿದ್ಯುದ್ದೀಪವಿಲ್ಲ, ಮೊಬೈಲಿಲ್ಲ, ಬಿಸಿಲು ಮತ್ತು ಬೆಂಕಿಯ ಬೆಳಕು ಮಾತ್ರ. ವಾರದ ಕೊನೆಗೆ ಅವರ ಮೆಲಟೋನಿನ್ ಏರಿಕೆಯು ಮೊದಲಿಗಿಂತ ಸುಮಾರು ಎರಡು ಗಂಟೆ ಮುಂಚಿತವಾಗಿ ಆರಂಭವಾಗತೊಡಗಿತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನವು ಚಿಕ್ಕದಾದರೂ, ತಡವಾಗಿ ಮಲಗುವ ಅಭ್ಯಾಸದಲ್ಲಿ ದೀಪಗಳ ಪಾತ್ರವೂ ಇದೆ ಎಂಬುದನ್ನು ತೋರಿಸುತ್ತದೆ. 2015ರ ಇನ್ನೊಂದು ಅಧ್ಯಯನದಲ್ಲಿ, ಮಲಗುವ ಮುನ್ನ ಬೆಳಗುವ ಪರದೆಯಲ್ಲಿ ಓದಿದವರ ಒಳಗಿನ ಗಡಿಯಾರವು ಅಚ್ಚಿನ ಪುಸ್ತಕ ಓದಿದವರಿಗಿಂತ ಸುಮಾರು ಒಂದೂವರೆ ಗಂಟೆ ಹಿಂದೆ ಬಿದ್ದಿತ್ತು.

ಇದಕ್ಕೆ ದೂರದ ಉದಾಹರಣೆಯೇ ಬೇಕಿಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರ ಕಡೆಗಳಲ್ಲಿ ಇರುಳು ಪಯಣಿಸಿದವರು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲಾಗಿ ಬಲ್ಬುಗಳು ಉರಿಯುವುದನ್ನು ಕಂಡಿರಬಹುದು. ಇರುಳು ದೀರ್ಘವಾದಾಗ ಹೂ ಬಿಡುವುದು ಸೇವಂತಿಗೆಯ ಸ್ವಭಾವ. ಇರುಳಿನಲ್ಲಿ ಕೆಲ ಹೊತ್ತು ಬೆಳಕು ಬಿದ್ದರೆ ಗಿಡವು ಇರುಳು ಇನ್ನೂ ಚಿಕ್ಕದಿದೆ ಎಂದು ಭ್ರಮಿಸಿ, ಮೊಗ್ಗು ಬಿಡದೆ ಬೆಳೆಯುತ್ತಲೇ ಹೋಗುತ್ತದೆ. ಬೆಲೆ ಬರುವ ಕಾಲಕ್ಕೆ ಹೂ ಪಡೆಯಲು ರೈತರು ಈ ಉಪಾಯವನ್ನು ಬಳಸುತ್ತಾರೆ. ಬಲ್ಬಿನ ಬೆಳಕು ಒಂದು ಗಿಡದ ಕಾಲಜ್ಞಾನವನ್ನೇ ಬದಲಿಸಬಲ್ಲದಾದರೆ, ತಲೆಯ ಮೇಲೆ ನಡುರಾತ್ರಿಯವರೆಗೆ ಉರಿಯುವ ದೀಪ ನಮ್ಮನ್ನು ಬಿಟ್ಟೀತೇ?

ರಾತ್ರಿ ಪಾಳಿಯ ದಾದಿಯರು, ಪೊಲೀಸರು, ಚಾಲಕರು, ಪಂಪ್‌ಸೆಟ್ಟಿನ ವಿದ್ಯುತ್ತಿಗಾಗಿ ಇರುಳು ಹೊಲಕ್ಕೆ ಹೋಗುವ ರೈತರು ಈ ತೊಂದರೆಯನ್ನು ಹೆಚ್ಚಾಗಿ ಅನುಭವಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ರಾತ್ರಿ ಪಾಳಿಯ ಕೆಲಸವನ್ನು ಕ್ಯಾನ್ಸರ್ ತರುವ ಸಂಭವವುಳ್ಳವುಗಳ ಪಟ್ಟಿಗೆ 2007ರಲ್ಲಿ ಸೇರಿಸಿ, 2019ರಲ್ಲಿ ಮತ್ತೆ ಅದನ್ನೇ ದೃಢಪಡಿಸಿದೆ. ಜೀವನೋಪಾಯದ ಕೆಲಸವನ್ನು ಬಿಡಲಾಗದು. ಆದರೆ ಅಂಥವರು ಹಗಲು ಮಲಗುವ ಕೋಣೆಯನ್ನು ದಪ್ಪ ಪರದೆಯಿಂದ ಕತ್ತಲಾಗಿಸಿಕೊಡುವುದು ಮನೆಯವರ ಕರ್ತವ್ಯ.

ಮೂಳೆಯೂ ನಡುಹಗಲಿನ ಬಿಸಿಲೂ

ನಮ್ಮ ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ವಸ್ತುವಿನ ಮೇಲೆ ಬಿಸಿಲಿನಲ್ಲಿರುವ ನೇರಳಾತೀತ 'ಬಿ' ಕಿರಣ ಬಿದ್ದಾಗ ವಿಟಮಿನ್ 'ಡಿ' ತಯಾರಾಗುತ್ತದೆ. ಅದು ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಪಕ್ವಗೊಂಡು, ಆಹಾರದ ಸುಣ್ಣದಂಶವನ್ನು ಕರುಳು ಹೀರಿಕೊಳ್ಳಲು ನೆರವಾಗುತ್ತದೆ. ಇದು ಕೊರತೆಯಾದರೆ ಮಕ್ಕಳ ಕಾಲುಗಳು ಬಾಗುವ ರಿಕೆಟ್ಸ್, ದೊಡ್ಡವರಲ್ಲಿ ಮೂಳೆನೋವು, ಸ್ನಾಯುಗಳ ದೌರ್ಬಲ್ಯ ತಲೆದೋರುತ್ತವೆ. ಮನೆಯ ಎಲ್‌ಇಡಿ, ಟ್ಯೂಬ್‌ಲೈಟುಗಳ ಕೆಳಗೆ ಎಷ್ಟು ಹೊತ್ತು ಕುಳಿತರೂ ವಿಟಮಿನ್ 'ಡಿ' ಉಂಟಾಗುವುದಿಲ್ಲ. ಕಿಟಕಿಯ ಗಾಜೂ ಈ ಕಿರಣವನ್ನು ತಡೆಯುವುದರಿಂದ, ಗಾಜಿನ ಹಿಂದೆ ಬೆಚ್ಚಗೆ ಕುಳಿತರೆ ಶಾಖ ಸಿಕ್ಕೀತೇ ಹೊರತು ವಿಟಮಿನ್ ಸಿಗದು.

ಸೂರ್ಯನಾಡಿನಲ್ಲಿದ್ದೂ ನಮ್ಮಲ್ಲಿ ಅನೇಕರಿಗೆ ಇದರ ಕೊರತೆಯಿರುವುದು ಸೋಜಿಗವೆನಿಸಬಹುದು. ಕಾರಣಗಳು ಹಲವು. ಒಳಾಂಗಣದ ಬದುಕು, ಮೈಮುಚ್ಚುವ ಉಡುಪು, ನಗರಗಳ ಹೊಗೆ ಒಂದೆಡೆ. ನಮ್ಮ ಚರ್ಮದ ಕಪ್ಪು ವರ್ಣಕವು ಬಿಸಿಲಿನಿಂದ ರಕ್ಷಣೆ ಕೊಡುವುದರ ಜೊತೆಗೆ ಈ ಕಿರಣವನ್ನೂ ತಡೆಯುವುದರಿಂದ, ಬಿಳಿಯ ಮೈಬಣ್ಣದವರಿಗಿಂತ ನಮಗೆ ಹೆಚ್ಚು ಹೊತ್ತಿನ ಬಿಸಿಲು ಬೇಕಾಗುವುದು ಇನ್ನೊಂದೆಡೆ. ಆಹಾರದಲ್ಲಿ ಈ ವಿಟಮಿನ್ ಮುಖ್ಯವಾಗಿ ಮೀನು, ಮೊಟ್ಟೆಗಳಲ್ಲಿರುವುದರಿಂದ ಸಸ್ಯಾಹಾರಿಗಳಾದ ನಮಗೆ ಬಿಸಿಲೇ ದೊಡ್ಡ ಆಸರೆ. ವಿಟಮಿನ್ 'ಎ' ಮತ್ತು 'ಡಿ' ಸೇರಿಸಿ ಸಾರವರ್ಧಿಸಿದ ಹಾಲು, ಅಡುಗೆ ಎಣ್ಣೆಗಳು ಈಗ ದೊರೆಯುತ್ತವೆ. ಅವುಗಳ ಪೊಟ್ಟಣದ ಮೇಲೆ 'ಎಫ್' ಅಕ್ಷರದ ಮುಂದೆ ಕೂಡುವ ಚಿಹ್ನೆ ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಸೂರ್ಯೋದಯದ ಎಳೆಬಿಸಿಲಿನಲ್ಲಿ ವಿಟಮಿನ್ 'ಡಿ' ಹೇರಳವೆಂದು ಅನೇಕರು ನಂಬಿದ್ದಾರೆ. ಸೂರ್ಯ ತಗ್ಗಿನಲ್ಲಿರುವಾಗ ಕಿರಣಗಳು ವಾತಾವರಣದಲ್ಲಿ ಓರೆಯಾಗಿ ಬಹುದೂರ ಸಾಗಿ ಬರುತ್ತವೆ; ಆ ದಾರಿಯಲ್ಲಿ ಓಜೋನ್ ಪದರವು ನೇರಳಾತೀತ 'ಬಿ'ಯನ್ನು ಬಹುಮಟ್ಟಿಗೆ ಹೀರಿಬಿಡುತ್ತದೆ. ನಮ್ಮ ನೆರೆಯ ತಿರುಪತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಈ ವಿಟಮಿನ್ ತಯಾರಿಗೆ ಅತ್ಯಂತ ಅನುಕೂಲವೆಂದು ಕಂಡುಬಂದಿತು. ಗಡಿಯಾರವಿಲ್ಲದೆಯೂ ಇದನ್ನು ತಿಳಿಯಲು ಒಂದು ಸರಳ ಉಪಾಯವಿದೆ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಆ ಬಿಸಿಲು ಪ್ರಯೋಜನಕಾರಿ. ಕರ್ನಾಟಕದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9.30ರ ಸುಮಾರಿಗೇ ನೆರಳು ಅಷ್ಟು ಕುಗ್ಗುತ್ತದೆ. ಡಿಸೆಂಬರಿನಲ್ಲಿ 11ರಿಂದ 1.30ರ ನಡುವೆ ಮಾತ್ರ. ಆದ್ದರಿಂದ ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ನಡುಹಗಲಿನವರೆಗೆ ಕಾಯುವ ಅಗತ್ಯವೇ ಇಲ್ಲ. 10 ಗಂಟೆಯ ಒಳಗೇ ಆ ಕೆಲಸ ಮುಗಿಸಿ ನೆರಳಿಗೆ ಸೇರಬಹುದು.

ಎಳೆಬಿಸಿಲು ವ್ಯರ್ಥವೆಂದು ಇದರರ್ಥವಲ್ಲ. ಒಳಗಿನ ಗಡಿಯಾರವನ್ನು ತಿದ್ದುವುದು ಅದೇ. ಎಳೆಬಿಸಿಲು ನಿದ್ರೆಗೆ, ಏರುಬಿಸಿಲು ಮೂಳೆಗೆ ಎಂದು ನೆನಪಿಟ್ಟುಕೊಳ್ಳಬಹುದು.

ಬಿಸಿಲು ದೂರವಾದ ಹಿರಿಯರಿಗೆ, ಮೂತ್ರಪಿಂಡದ ರೋಗಿಗಳಿಗೆ ವೈದ್ಯರು ಔಷಧ ರೂಪದಲ್ಲಿ ವಿಟಮಿನ್ ನೀಡುತ್ತಾರೆ. 60,000 ಮಾನದ ಪುಡಿ ಅಥವಾ ಗುಳಿಗೆಯನ್ನು ನೆರೆಯವರು ತೆಗೆದುಕೊಂಡರೆಂದು ತಾವೂ ಕೊಂಡು ದಿನವೂ ಸೇವಿಸುವುದು ಅಪಾಯಕರ. ಅತಿಯಾದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಬಿಸಿಲಿನಿಂದ ಮಾತ್ರ ಹೀಗೆ ಅತಿಯಾಗುವುದಿಲ್ಲ; ಹೆಚ್ಚಾದುದನ್ನು ಚರ್ಮವೇ ಒಡೆದು ನಿರುಪಯುಕ್ತಗೊಳಿಸುತ್ತದೆ.

ಮಕ್ಕಳ ದೃಷ್ಟಿ

ಚಿಕ್ಕ ವಯಸ್ಸಿನಲ್ಲಿಯೇ ಕನ್ನಡಕ ಧರಿಸುವ ಮಕ್ಕಳು ಹೆಚ್ಚುತ್ತಿದ್ದಾರೆ. ಕಣ್ಣುಗುಡ್ಡೆಯು ಅಗತ್ಯಕ್ಕಿಂತ ಉದ್ದವಾಗಿ ಬೆಳೆದಾಗ ದೂರದ ವಸ್ತು ಮಸುಕಾಗುವ ಸಮೀಪದೃಷ್ಟಿ ದೋಷ ಉಂಟಾಗುತ್ತದೆ. ಪ್ರಖರ ಬೆಳಕು ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ, ಕಣ್ಣುಗುಡ್ಡೆಯ ಅತಿ ಬೆಳವಣಿಗೆಯನ್ನು ತಡೆಯುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಮಕ್ಕಳನ್ನು ಬಯಲಿಗೆ ಕರೆತಂದರು. ಅವರಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಹೊಸದಾಗಿ ಈ ದೋಷ ಬಂದರೆ, ಉಳಿದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಬಂದಿತು.

ಇದಕ್ಕೆ ಸುಡುಬಿಸಿಲು ಬೇಕಿಲ್ಲ. ಮರದ ನೆರಳಿನ 10,000 ಲಕ್ಸ್ ಧಾರಾಳವಾಯಿತು. ಆಟದ ಅವಧಿಯನ್ನು ಕಿತ್ತು ಪಾಠಕ್ಕೆ ಸೇರಿಸುವ ಶಾಲೆಗಳೂ, "ಬಿಸಿಲಿಗೆ ಕಪ್ಪಾಗುತ್ತೀಯೆ" ಎಂದು ಮಕ್ಕಳನ್ನು ಒಳಗೆ ಕೂರಿಸುವ ಹಿರಿಯರೂ ಈ ಮಾತನ್ನು ಗಮನಿಸಬೇಕು. ಪ್ರಸಾದ ನಿಲಯಗಳಲ್ಲಿ ಓದುವ ಮಕ್ಕಳಿಗೆ ಹಗಲಿನ ಓದನ್ನು ಜಗುಲಿಯಲ್ಲಿ, ಮರದಡಿಯಲ್ಲಿ ಏರ್ಪಡಿಸುವುದು ಖರ್ಚಿಲ್ಲದ ನೇತ್ರರಕ್ಷಣೆಯಾಗಿದೆ.

ಸೂರ್ಯನಿಗಿಂತ ದೀಪ ಮೇಲಾಗುವ ಸಂದರ್ಭ

ಇಷ್ಟನ್ನು ಓದಿ, ಸಹಜವಾದುದೆಲ್ಲ ಅಮೃತ, ಕೃತಕವಾದುದೆಲ್ಲ ವಿಷ ಎಂದು ತೀರ್ಮಾನಿಸಬಾರದು. ಕೃತಕ ಬೆಳಕೂ ಜೀವ ಉಳಿಸಿದೆ. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಕಾರ್ಬನ್ ದೀಪದ ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪ್ರಶಸ್ತಿ ಪಡೆದನು. ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್‌ಸ್ಕಿ 1919ರಲ್ಲಿ ನೇರಳಾತೀತ ಸೂಸುವ ಪಾದರಸದ ದೀಪದಿಂದ ರಿಕೆಟ್ಸ್ ಪೀಡಿತ ಮಕ್ಕಳನ್ನು ಗುಣಪಡಿಸಿ, ಆ ಕಾಯಿಲೆಗೂ ಬೆಳಕಿಗೂ ಇರುವ ನಂಟನ್ನು ತೋರಿಸಿದನು.

ಆದರೆ ಪ್ರತಿ ಕುಟುಂಬವೂ ತಿಳಿದಿರಲೇಬೇಕಾದ ಕಥೆ ಇನ್ನೊಂದಿದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿಯೊಬ್ಬರು ಹಸುಳೆಗಳನ್ನು ಅಂಗಳದ ಬಿಸಿಲಿಗೆ ತರುತ್ತಿದ್ದರು. ಕಾಮಾಲೆಯಿದ್ದ ಒಂದು ಮಗುವಿನ ಮೈ ಹಳದಿಯಳಿದು ತಿಳಿಯಾಗಿದ್ದರೆ, ಬಟ್ಟೆಯ ಅಂಚು ಮುಚ್ಚಿದ್ದ ಭಾಗ ಮಾತ್ರ ಇನ್ನೂ ಹಳದಿಯಾಗಿ ಉಳಿದಿದ್ದುದನ್ನು ಅವರು ವೈದ್ಯರಿಗೆ ತೋರಿಸಿದರು. ಅಲ್ಲಿನ ವೈದ್ಯ ಕ್ರೆಮರ್ ಮತ್ತು ಸಂಗಡಿಗರು ಪರೀಕ್ಷಿಸಿ, ಬಿಸಿಲಿನ ನೀಲಿ ಬೆಳಕೇ ಈ ಕೆಲಸ ಮಾಡುತ್ತದೆಂದು ಕಂಡುಕೊಂಡು, ನೀಲಿ ದೀಪಗಳ ತೊಟ್ಟಿಲನ್ನು ರೂಪಿಸಿ 1958ರಲ್ಲಿ ಪ್ರಕಟಿಸಿದರು. ಕಾಮಾಲೆಗೆ ಕಾರಣವಾದ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ನೀಲಿ ಬೆಳಕು ರೂಪಾಂತರಗೊಳಿಸಿ, ಪಿತ್ತ ಮತ್ತು ಮೂತ್ರದೊಡನೆ ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ. ಇಂದು ಆಸ್ಪತ್ರೆಗಳಲ್ಲಿ ಹಸುಳೆಯನ್ನು ನೀಲಿ ದೀಪದಡಿ ಮಲಗಿಸುವುದು ಇದೇ ಚಿಕಿತ್ಸೆಗಾಗಿ.

ಹಾಗಾದರೆ ಮನೆಯಲ್ಲಿಯೇ ಬಿಸಿಲಿಗೆ ಹಿಡಿದರೆ ಸಾಲದೇ? "ಎಳೆಬಿಸಿಲಿಗೆ ಮಲಗಿಸಿ, ತಾನೇ ಇಳಿಯುತ್ತದೆ" ಎಂಬ ಮಾತು ಬಾಣಂತಿಯ ಕೋಣೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಹುಟ್ಟಿದ ಮೊದಲ ವಾರ ಅರ್ಧಕ್ಕಿಂತ ಹೆಚ್ಚು ಶಿಶುಗಳಲ್ಲಿ ಹಳದಿ ಕಾಣಿಸುವುದು ನಿಜ. ಬಹುಪಾಲು ತಾನಾಗಿಯೇ ಇಳಿಯುವುದೂ ನಿಜ. ಆದರೆ ಕೆಲವು ಶಿಶುಗಳಲ್ಲಿ ಬಿಲಿರುಬಿನ್ ಮೇರೆ ಮೀರಿ ಮೆದುಳನ್ನು ಸೇರುತ್ತದೆ. ಆಗ ಉಂಟಾಗುವ ಕಿವುಡು, ಅಂಗಚಲನೆಯ ದೋಷಗಳು ಜೀವನಪರ್ಯಂತ ಉಳಿಯುತ್ತವೆ. ಅವುಗಳನ್ನು ಹಿಂದಿರುಗಿಸುವ ಔಷಧವಿಲ್ಲ. ಬಿಸಿಲಿನಲ್ಲಿ ಹಸುಳೆಗೆ ಎಷ್ಟು ನೀಲಿ ಬೆಳಕು ದೊರೆಯಿತೆಂದು ಅಳೆಯಲಾಗದು. ಮೋಡ ಬಂದರೆ ಅದು ನಿಲ್ಲುತ್ತದೆ, ಇರುಳು ಇಲ್ಲವೇ ಇಲ್ಲ. ಜೊತೆಗೆ ನೇರಳಾತೀತ ಕಿರಣವು ಎಳೆಯ ಚರ್ಮವನ್ನು ಸುಡುತ್ತದೆ. ಮೈ ಕಾದರೆ ದೇಹದ ನೀರು ಆರುತ್ತದೆ, ಬೆತ್ತಲೆ ಮಾಡಿದರೆ ತಣುಪು ತಾಕುತ್ತದೆ. ಆಸ್ಪತ್ರೆಯ ದೀಪವಾದರೋ ಬೇಕಾದ ನೀಲಿಯನ್ನು ಮಾತ್ರ, ಬೇಕಾದಷ್ಟು, ಹಗಲಿರುಳೂ ನೀಡುತ್ತದೆ. ರಕ್ತಪರೀಕ್ಷೆಯಿಂದ ಫಲವನ್ನು ಅಳೆಯಬಹುದು.

ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲುಗಳಿಗೂ ಹಬ್ಬಿದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿದರೆ, ಎರಡು ವಾರ ಕಳೆದರೂ ಹಳದಿ ಇಳಿಯದಿದ್ದರೆ ಅಥವಾ ಮಲ ಬಿಳಿಚಿಕೊಂಡಿದ್ದರೆ ಒಂದು ದಿನವನ್ನೂ ಕಾಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಿರಿಯರು ಎಳೆಬಿಸಿಲಿನ ಮಾತು ಹೇಳುವುದು ಮಮತೆಯಿಂದಲೇ. ಆ ಮಮತೆ ಆಸ್ಪತ್ರೆಯ ದಾರಿಯನ್ನು ತಡಮಾಡದಿರಲಿ.

ಬಿಸಿಲಿನ ಇನ್ನೊಂದು ಮುಖ

ಮಿತಿ ಮೀರಿದ ಬಿಸಿಲು ಚರ್ಮವನ್ನು ಬೇಗ ಸುಕ್ಕಾಗಿಸುತ್ತದೆ, ಕಣ್ಣಿನ ಪೊರೆಗೆ ದಾರಿ ಮಾಡುತ್ತದೆ, ಚರ್ಮದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಬಿಸಿಲನ್ನು ಹುಡುಕುವ ಅಗತ್ಯವಿಲ್ಲ; ಅವರಿಗೆ ಬೇಕಾದುದು ತಲೆಗೆ ರುಮಾಲು, ಕುಡಿಯಲು ನೀರು, ನಡುಹಗಲಿನಲ್ಲಿ ನೆರಳು. ಉದಯಿಸುವ ಸೂರ್ಯನನ್ನಾಗಲಿ ಗ್ರಹಣದ ಸೂರ್ಯನನ್ನಾಗಲಿ ಬರಿಗಣ್ಣಿನಿಂದ ದಿಟ್ಟಿಸಬಾರದು. ಅಕ್ಷಿಪಟಲ ಸುಡುವಾಗ ನೋವು ತಿಳಿಯುವುದಿಲ್ಲ; ತಿಳಿಯುವಷ್ಟರಲ್ಲಿ ದೃಷ್ಟಿ ಹೋಗಿರುತ್ತದೆ. ಮೊಬೈಲಿನ ನೀಲಿ ಬೆಳಕು ಕಣ್ಣನ್ನು ಕುರುಡಾಗಿಸುತ್ತದೆ ಎಂಬ ಭೀತಿಗೆ ಮಾತ್ರ ಸದ್ಯ ಆಧಾರವಿಲ್ಲ. ಅದರಲ್ಲಿರುವ ನೀಲಿಯು ಆಕಾಶದ ನೀಲಿಯ ಮುಂದೆ ತೀರ ಅಲ್ಪ. ಅದು ಕದಿಯುವುದು ನಿದ್ರೆಯನ್ನು.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

1. ಎದ್ದ ಒಂದು ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ಅಂಗಳ ಗುಡಿಸುವುದು, ಗಿಡಗಳಿಗೆ ನೀರುಣಿಸುವುದು, ನಡೆದಾಡುವುದು ಯಾವುದಾದರೂ ಆಗಬಹುದು.

2. ವಾರದಲ್ಲಿ ಹಲವು ದಿನ, ನೆರಳು ನಿಮಗಿಂತ ಚಿಕ್ಕದಾದ ಹೊತ್ತಿನಲ್ಲಿ, ಮುಖ, ತೋಳು, ಕಾಲುಗಳಿಗೆ 20ರಿಂದ 30 ನಿಮಿಷ ಬಿಸಿಲು ಬೀಳಲಿ. ಚರ್ಮ ಉರಿಯುವ ಮುನ್ನ ನೆರಳಿಗೆ ಬನ್ನಿ. ಹೃದ್ರೋಗಿಗಳು ಮತ್ತು ವಯೋವೃದ್ಧರು ಬೇಸಿಗೆಯ ನಡುಹಗಲನ್ನು ವರ್ಜಿಸಲಿ.

3. ಮಕ್ಕಳು ದಿನಕ್ಕೆ ಒಂದರಿಂದ ಎರಡು ಗಂಟೆ ಬಯಲಿನಲ್ಲಿ ಆಡಲಿ.

4. ಎಲ್‌ಇಡಿ ಕೊಳ್ಳುವಾಗ ಪೊಟ್ಟಣದ ಮೇಲಿನ ಕೆಲ್ವಿನ್ ಸಂಖ್ಯೆಯನ್ನು ನೋಡಿ. 6500 ಎಂದಿದ್ದರೆ ನೀಲಿ ಹೆಚ್ಚು. ಓದುವ, ಕೆಲಸ ಮಾಡುವ ಜಾಗಕ್ಕೆ ತಕ್ಕುದು. 2700 ಅಥವಾ 3000 ಎಂದಿದ್ದರೆ ಹಣತೆಯಂತೆ ಹೊಂಬಣ್ಣ. ಮಲಗುವ ಕೋಣೆಗೆ ಅದೇ ಇರಲಿ.

5. ಮಲಗುವ ಎರಡು ಗಂಟೆ ಮೊದಲು ದೊಡ್ಡ ದೀಪಗಳನ್ನು ಆರಿಸಿ, ಟಿ.ವಿ., ಮೊಬೈಲುಗಳನ್ನು ದೂರವಿಡಿ. ನಿದ್ರಿಸುವಾಗ ಕೋಣೆ ಕತ್ತಲಾಗಿರಲಿ. ಇರುಳು ಏಳುವ ಹಿರಿಯರಿಗೆ ನೆಲದ ಬಳಿ ಮಂದವಾದ ಕೆಂಪು ಅಥವಾ ಹಳದಿ ದೀಪವಿರಲಿ. ಕತ್ತಲೆಯಲ್ಲಿ ಎಡವಿ ಬೀಳುವುದು ಅದಕ್ಕಿಂತ ದೊಡ್ಡ ಅಪಾಯ.

6. ಅರವತ್ತು ದಾಟಿದವರ ಕಣ್ಣಿನ ಮಸೂರ ಹಳದಿಗಟ್ಟಿ, ತರುಣರ ಕಣ್ಣೊಳಗೆ ಹೋಗುವ ಬೆಳಕಿನ ಮೂರನೆಯ ಒಂದು ಪಾಲಿನಷ್ಟೇ ಅವರ ಅಕ್ಷಿಪಟಲವನ್ನು ತಲುಪುತ್ತದೆ. ಅವರ ಮಂಚ ಮನೆಯ ಕತ್ತಲ ಮೂಲೆಯಲ್ಲಿ ಬೇಡ. ಹಗಲು ಅವರನ್ನು ಕೈಹಿಡಿದು ಜಗುಲಿಗೆ ಕರೆತನ್ನಿ.

ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ನಡೆಯಲಾರದ ಅಜ್ಜ ಅಜ್ಜಿಯರು ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಒಂದು ಟ್ಯೂಬ್‌ಲೈಟಿನ ಕೆಳಗೇ ದಿನ ಕಳೆಯುತ್ತಾರೆ. ಅವರಿಗೆ ಹಗಲು ನಿದ್ರೆ ಎಳೆಯುತ್ತದೆ, ಇರುಳು ನಿದ್ರೆ ಬಾರದು, ಮೂಳೆಗಳು ದಿನದಿನಕ್ಕೆ ಸವೆಯುತ್ತವೆ. "ವಯಸ್ಸಾಯಿತು" ಎಂದು ನಾವು ಸುಮ್ಮನಾಗುತ್ತೇವೆ. ವಯಸ್ಸಿನ ಜೊತೆಗೆ ಬೆಳಕಿನ ಕೊರತೆಯೂ ಅದರಲ್ಲಿ ಸೇರಿರಬಹುದು. ಸೀರೆಯೊಂದನ್ನು ಹಗಲಿನ ಬೆಳಕಿಗೆ ತಂದು ನೋಡುವಷ್ಟು ಆಸ್ಥೆಯನ್ನು ಮನೆಯ ಹಿರಿಯರಿಗೂ ತೋರಿದರೆ ಅದಕ್ಕೆ ತಗಲುವುದು ಒಂದು ಕುರ್ಚಿ, ಅರ್ಧ ಗಂಟೆಯ ಹೊತ್ತು. ನಾಳೆ ಬೆಳಿಗ್ಗೆಯೇ ಅದನ್ನು ಆರಂಭಿಸಬಹುದು.